ಗುಂಡಿ ಒತ್ತಿದರೆ ಸಾಲದು, ಓಗೊಡುವವರೂ ಬೇಕು

ಕರಾವಳಿಯಿಂದ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಬರುವ ಬ್ಯಾರಿ ಹೆಣ್ಣುಮಕ್ಕಳು ಈಗ ಅಪರೂಪವಲ್ಲ. ಕೆಲವರು ಕಲಿಯಲು ಬರುತ್ತಾರೆ, ಕೆಲವರು ಕೆಲಸಕ್ಕೆ. ಬೆನ್ಸನ್ ಟೌನ್, ಫ್ರೇಝರ್ ಟೌನ್, ಶಿವಾಜಿನಗರದ ಪಿ.ಜಿ.ಗಳಲ್ಲಿ ಉಳಿದುಕೊಳ್ಳುತ್ತಾರೆ. ಉಮ್ಮ ಊರಲ್ಲಿ, ಉಪ್ಪ ಗಲ್ಫ್‌ನಲ್ಲಿ. ಹೀಗಿರುವಾಗ ನಮ್ಮ ಐಟಿ ಯುವಕರೆಲ್ಲ ಸೇರಿ ಹೆಣ್ಣುಮಕ್ಕಳ ಸುರಕ್ಷತೆಗೆ ಒಂದು ಆ್ಯಪ್ ಮಾಡಬಾರದೇ ಎಂಬ ಮಾತು ಬರುವುದು ಸಹಜ. ಉದ್ದೇಶ ಒಳ್ಳೆಯದೇ. ಆದರೆ ಕೆಲಸಕ್ಕೆ ಕೈಹಾಕುವ ಮೊದಲು ಈಗ ಏನಿದೆ, ಏನಿಲ್ಲ ಎಂದು ನೋಡುವುದು ಒಳಿತು.

2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಮಹಿಳೆಯರಿಗೆ ಕಿರುಕುಳ ನೀಡಿದ ಸುದ್ದಿ ದೇಶವನ್ನೇ ತಲೆತಗ್ಗಿಸುವಂತೆ ಮಾಡಿತ್ತು. ಅದಾಗಿ ಕೆಲವೇ ತಿಂಗಳಲ್ಲಿ, 2017ರ ಎಪ್ರಿಲ್‌ನಲ್ಲಿ, ಬೆಂಗಳೂರು ಪೊಲೀಸರು ‘ಸುರಕ್ಷಾ’ ಆ್ಯಪ್ ತಂದರು. ಜೊತೆಗೆ ಪಿಂಕ್ ಹೊಯ್ಸಳ ವಾಹನಗಳೂ ಬಂದವು. ಈಗ 112 ಎಂಬ ಒಂದೇ ತುರ್ತು ಸಂಖ್ಯೆ ಇದೆ. ರಾಜ್ಯ ಪೊಲೀಸರ ಆ್ಯಪ್‌ನಲ್ಲಿ ಎಸ್‌ಒಎಸ್ ಗುಂಡಿ ಇದೆ. ನಿರ್ಭಯಾ ನಿಧಿಯ ‘ಸೇಫ್ ಸಿಟಿ’ ಯೋಜನೆಗೆ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಸಾವಿರಾರು ಕ್ಯಾಮರಾಗಳು, ಕಮಾಂಡ್ ಸೆಂಟರ್, ರಸ್ತೆ ಬದಿಯಲ್ಲಿ ಗುಂಡಿ ಒತ್ತಿದರೆ ಪೊಲೀಸರ ಜೊತೆ ಮಾತಾಡಬಹುದಾದ ‘ಸೇಫ್ಟಿ ಐಲ್ಯಾಂಡ್’ಗಳು, ಎಲ್ಲವೂ ಅದರಲ್ಲಿ ಬಂದಿವೆ.

ಸ್ಮಾರ್ಟ್‌ಫೋನ್ ಇಲ್ಲದ ಉಮ್ಮಂದಿರಿಗೂ ದಾರಿಯಿದೆ. 2016ರ ಕೇಂದ್ರ ಸರಕಾರದ ನಿಯಮದಂತೆ 2017ರ ನಂತರ ಮಾರಾಟವಾಗುವ ಪ್ರತಿ ಫೋನಿನಲ್ಲೂ ಪ್ಯಾನಿಕ್ ಬಟನ್ ಇರಬೇಕು. ಸಾದಾ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನನ್ನು ಮೂರು ಸಲ ಬೇಗ ಬೇಗ ಒತ್ತುವುದು ಆ ನಿಯಮ ಹೇಳುವ ವಿಧಾನ. ನಮ್ಮ ಎಷ್ಟು ಮನೆಗಳಲ್ಲಿ ಇದು ಗೊತ್ತಿದೆ? ಇರುವುದನ್ನು ಬಳಸಲು ಕಲಿಸದೆ ಇನ್ನೊಂದು ಆ್ಯಪ್ ಮಾಡಿದರೆ ಅದೂ ಫೋನಿನ ಯಾವುದೋ ಮೂಲೆಯಲ್ಲಿ ಕೂತಿರುತ್ತದೆ, ಅಷ್ಟೆ.

ಇನ್ನೊಂದು ಭಯವನ್ನೂ ಬಾಯಿಬಿಟ್ಟು ಹೇಳಬೇಕು. 2021ರ ಜುಲೈಯಲ್ಲಿ ‘ಸುಲ್ಲಿ ಡೀಲ್ಸ್’, 2022ರ ಜನವರಿ ಒಂದರಂದು ‘ಬುಲ್ಲಿ ಬಾಯಿ’. ಮಾತಾಡುವ, ಬರೆಯುವ ಮುಸ್ಲಿಮ್ ಮಹಿಳೆಯರ ಫೋಟೊ ಕದ್ದು ‘ಹರಾಜಿಗೆ’ ಇಟ್ಟದ್ದೂ ಆ್ಯಪ್‌ಗಳೇ. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಬಂಧಿಸಿದವರಲ್ಲಿ ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಹಾಗಿರುವಾಗ ನಮ್ಮದೇ ಹೆಣ್ಣುಮಕ್ಕಳ ಹೆಸರು, ಫೋಟೊ, ಫೋನ್ ನಂಬರ್, ಯಾವ ಪಿ.ಜಿ., ಎಷ್ಟು ಗಂಟೆಗೆ ಎಲ್ಲಿರುತ್ತಾಳೆ ಎಂಬ ವಿವರ ಎಲ್ಲವನ್ನೂ ಒಂದೇ ಕಡೆ ಕೂಡಿಟ್ಟರೆ, ಅದು ತಪ್ಪು ಕೈಗೆ ಸಿಕ್ಕಿದ ದಿನ ಏನಾದೀತು? ಈ ವಿವರಗಳು ಅಮಾನತ್ತು. ಕಾಪಾಡಲು ಆಗದ ಅಮಾನತ್ತನ್ನು ಕೇಳಿ ಪಡೆಯಬಾರದು. ಆ್ಯಪ್ ಮಾಡಲೇಬೇಕೆನ್ನುವವರು ಅದಕ್ಕೆ ಕಡಿಮೆ ಮಾಹಿತಿ ಸಾಕಾಗುವಂತೆ, ಇಂಟರ್ನೆಟ್ ಇಲ್ಲದಿದ್ದರೂ ಎಸ್‌ಎಂಎಸ್ ಹೋಗುವಂತೆ, ಬೇಡವೆಂದಾಗ ಎಲ್ಲವೂ ಅಳಿಸಿ ಹೋಗುವಂತೆ ಮಾಡಲಿ. ಕರೆಯನ್ನು ಸ್ವೀಕರಿಸುವ ಮತ್ತು ಮಾಹಿತಿ ನೋಡಿಕೊಳ್ಳುವ ಜವಾಬ್ದಾರಿ ಮಹಿಳೆಯರ ಕೈಯಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಫೋನಿನ ಹೊರಗಿದೆ. ಬಸ್ಸಿನಲ್ಲಿ ಯಾರೋ ಕೈ ಹಾಕಿದ, ರಸ್ತೆಯಲ್ಲಿ ಹಿಂಬಾಲಿಸಿದ, ಕೆಟ್ಟ ಮೆಸೇಜ್ ಕಳಿಸಿದ ಎಂದು ಹುಡುಗಿ ಮನೆಯಲ್ಲಿ ಹೇಳುತ್ತಾಳೆಯೇ? ಹೆಚ್ಚಿನವರು ಹೇಳುವುದಿಲ್ಲ. ಹೇಳಿದರೆ ಬರುವ ಮೊದಲ ಮಾತು ಏನೆಂದು ಅವರಿಗೆ ಗೊತ್ತು: ‘ಕಲಿತದ್ದು ಸಾಕು, ಊರಿಗೆ ಬಾ.’ ತಪ್ಪು ಮಾಡಿದವನು ತಿರುಗಾಡಿಕೊಂಡಿರುತ್ತಾನೆ, ಓದು ನಿಲ್ಲುವುದು ಇವಳದ್ದು. ಬೀದಿಗಿಂತ ಮನೆಗೆ ಹೆಚ್ಚು ಹೆದರುವ ಹುಡುಗಿ ಯಾವ ಗುಂಡಿಯನ್ನೂ ಒತ್ತಲಾರಳು. ಬೆದರಿಸುವವನ ಬಲ ಇರುವುದೂ ಇಲ್ಲೇ: ‘ಮನೆಯವರಿಗೆ ಹೇಳುತ್ತೇನೆ’ ಎಂಬ ಒಂದು ಮಾತು ಅವನಿಗೆ ಸಾಕಾಗುತ್ತದೆ.

ಸುರಕ್ಷತೆಯ ಹೆಸರಲ್ಲಿ ಮಗಳ ಫೋನಿಗೆ ಗುಟ್ಟಾಗಿ ಟ್ರ್ಯಾಕಿಂಗ್ ಹಾಕುವುದು ಕಾವಲಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನನ್ನು 15 ನಿಮಿಷ, ಒಂದು ಗಂಟೆ ಅಥವಾ ಎಂಟು ಗಂಟೆಗೆ ಅವಳೇ ಕಳಿಸಬಹುದು, ಹೊತ್ತು ಮುಗಿದಾಗ ಅದು ತಾನಾಗಿ ನಿಲ್ಲುತ್ತದೆ. ಅವಳು ನಂಬಿ ಕಳಿಸಬೇಕು, ನಾವು ಆ ನಂಬಿಕೆ ಉಳಿಸಬೇಕು. ಹಾಗೆಯೇ, ಸಹಪಾಠಿಯ ಜೊತೆ ಮಾತಾಡಿದಳೆಂದು ಹುಡುಗಿಯನ್ನು ತಡೆದು ವೀಡಿಯೊ ಮಾಡಿ ಹರಿಬಿಡುವ ಅನೈತಿಕ ಪೊಲೀಸ್‌ಗಿರಿಯನ್ನು ಬೇರೆಯವರು ಮಾಡಿದಾಗ ಖಂಡಿಸುವ ನಾವು, ನಮ್ಮ ಹುಡುಗರು ಮಾಡಿದಾಗ ಸುಮ್ಮನಿರಬಾರದು. ಆ ಹುಡುಗಿಗೆ ಆ ಕ್ಷಣದಲ್ಲಿ 112 ಬೇಕಾಗುವುದು ನಮ್ಮವರಿಂದಲೇ.

ಹಾಗಾದರೆ ಏನು ಮಾಡಬಹುದು? ಗುಂಡಿ ಒತ್ತಿದ ಹುಡುಗಿಯ ಸಂದೇಶ ಮುನ್ನೂರೈವತ್ತು ಕಿಲೋಮೀಟರ್ ದೂರದ ಮಂಗಳೂರಿಗೋ ಜುಬೈಲ್‌ಗೋ ಹೋದರೆ ಮನೆಯವರು ಗಾಬರಿ ಬೀಳಬಹುದೇ ಹೊರತು ಹತ್ತು ನಿಮಿಷದಲ್ಲಿ ತಲುಪಲಾರರು. ಬೆನ್ಸನ್ ಟೌನ್ ಸುತ್ತಮುತ್ತ ನೆಲೆಸಿರುವ ನಮ್ಮ ಕುಟುಂಬಗಳ ಅನುಭವಸ್ಥ ಮಹಿಳೆಯರು, ವಕೀಲೆಯರು, ವೈದ್ಯೆಯರು ಮುಂದೆ ಬಂದು ಹೊಸದಾಗಿ ಬರುವ ಹುಡುಗಿಗೆ ‘ನನ್ನ ನಂಬರ್ ಇಟ್ಟುಕೋ ಮಗಳೇ’ ಎನ್ನಲಿ. ಫೋನಿನ ತುರ್ತು ಸಂಪರ್ಕದಲ್ಲಿ ಉಪ್ಪನ ನಂಬರಿನ ಜೊತೆ ಇಂಥ ಹತ್ತಿರದ ಒಂದು ನಂಬರೂ ಇರಲಿ. ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಮಹಿಳೆಯರಿಗಾಗಿಯೇ ಒಂದು ಸಂಜೆ ಕರೆದು 112, ಮಹಿಳಾ ಸಹಾಯವಾಣಿ 181, ಸೈಬರ್ ವಂಚನೆಗೆ 1930 ಹೇಗೆ ಬಳಸುವುದೆಂದು ತೋರಿಸಲಿ. ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ದಾಖಲಿಸಬಹುದು, 2024ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅದಕ್ಕೆ ಅವಕಾಶವಿದೆ ಎಂಬುದನ್ನೂ ತಿಳಿಸಲಿ. ಗಂಡುಮಕ್ಕಳಿಗೆ ಹೇಳಬೇಕಾದದ್ದನ್ನು ಖತೀಬರು ಜುಮಾ ದಿನ ಹೇಳಲಿ.

ಆ್ಯಪ್ ಮಾಡುವ ಯುವಕರ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನಮಗಿಲ್ಲ. ಮೊದಲು ಅವರು ನಾಲ್ಕು ಪಿ.ಜಿ.ಗಳ ಹುಡುಗಿಯರನ್ನು ಕೇಳಲಿ, ಅವರಿಗೇನು ಬೇಕು ಎಂದು. ಇನ್ನು ಈ ಪುಟ ಓದುತ್ತಿರುವ ಉಪ್ಪಂದಿರು, ಉಮ್ಮಂದಿರು ಇವತ್ತು ರಾತ್ರಿ ಮಗಳಿಗೆ ಫೋನ್ ಮಾಡಿ ಒಂದು ಮಾತು ಹೇಳಲಿ: ‘ಏನೇ ಆದರೂ ಮೊದಲು ನಮಗೆ ಹೇಳು, ನಿನ್ನ ಓದು ನಿಲ್ಲಿಸುವುದಿಲ್ಲ.’