ಹಡಗನ್ನು ನಡೆಸುವವರು

ನಗರದ ಗೃಹಿಣಿಯು ಬೆಳಗಿನ ಹೊತ್ತು ಒಲೆ ಹಚ್ಚಿ ಸಾರಿಗೆ ಬೇಳೆ ಬೇಯಿಸುವಾಗ ಅವಳಿಗೆ ಕಡಲಿನ ನೆನಪು ಬರಬೇಕಾದ ಕಾರಣವಿಲ್ಲ. ಆದರೆ ಆ ಒಲೆಯ ಅನಿಲವು ಕೊಲ್ಲಿಯ ರಾಷ್ಟ್ರಗಳಿಂದ ಬಂದು ಮಂಗಳೂರಿನ ಬಂದರಿನಲ್ಲಿ ಇಳಿದುದಾಗಿರಬಹುದು. ಬೇಳೆಯ ತೊಗರಿ ಆಫ್ರಿಕದ ಮೊಜಾಂಬಿಕಿನಲ್ಲಿ ಬೆಳೆದುದಾಗಿರಬಹುದು. ಬಾಣಲೆಯ ಎಣ್ಣೆ ಇಂಡೊನೇಷ್ಯದಿಂದಲೋ ಮಲೇಷ್ಯದಿಂದಲೋ ಬಂದಿರಬಹುದು. ಸರಕಿನ ಪ್ರಮಾಣವನ್ನು ಲೆಕ್ಕ ಹಾಕಿದರೆ ಭಾರತದ ವಿದೇಶ ವ್ಯಾಪಾರದಲ್ಲಿ ನೂರಕ್ಕೆ ಸುಮಾರು 95 ಪಾಲು ಸಾಗುವುದು ಸಮುದ್ರದ ಮೇಲೆಯೇ. ಹಡಗನ್ನೇನೋ ಹಣವಿದ್ದವರು ಕೊಳ್ಳಬಹುದು. ಅದನ್ನು ಬಿರುಗಾಳಿಯಲ್ಲಿ ನಡೆಸಬಲ್ಲ ಮನುಷ್ಯನನ್ನು ಮಾತ್ರ ವರ್ಷಗಟ್ಟಲೆ ಕಲಿಸಿ ರೂಪಿಸಬೇಕು. ಈ ಕಾರ್ಯಕ್ಕೆಂದೇ ದೇಶವು ಕಟ್ಟಿಕೊಂಡ ಸಂಸ್ಥೆಯೊಂದುಂಟು. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ, ಎಂದರೆ ಭಾರತೀಯ ಸಾಗರ ವಿಶ್ವವಿದ್ಯಾಲಯವೆಂದು ಅದರ ಹೆಸರು.

ಅದರ ಬೇರುಗಳು ಒಂದು ಶತಮಾನದಷ್ಟು ಹಿಂದಕ್ಕೆ ಹೋಗುತ್ತವೆ. ಆಂಗ್ಲರ ಆಳಿಕೆಯಲ್ಲಿ ಸಾವಿರಾರು ಮಂದಿ ಭಾರತೀಯರು ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದರು. 'ಲಸ್ಕರ'ರೆಂದು ಅವರನ್ನು ಕರೆಯುವ ವಾಡಿಕೆ. ಕುಲುಮೆಗೆ ಕಲ್ಲಿದ್ದಲು ತುಂಬುವುದು, ಹಗ್ಗ ಎಳೆಯುವುದು, ಹಡಗನ್ನು ತೊಳೆಯುವುದು ಅವರ ಪಾಲಿನ ಕೆಲಸ. ನಕ್ಷೆಯನ್ನು ಹರಡಿಕೊಂಡು ದಿಕ್ಕನ್ನು ನಿರ್ಣಯಿಸುವ ಅಧಿಕಾರ ಬಿಳಿಯರದು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನದ ನೆನಪಿಗಾಗಿಯೇ 1964ರಿಂದ ಏಪ್ರಿಲ್ 5ನ್ನು ರಾಷ್ಟ್ರೀಯ ಸಾಗರ ದಿನವೆಂದು ಆಚರಿಸಲಾಗುತ್ತಿದೆ. ಆದರೆ ಸ್ವದೇಶಿ ಹಡಗು ಹೊರಟ ಆ ಕಾಲದಲ್ಲಿ ಅಧಿಕಾರಿಗಳನ್ನು ತಯಾರುಮಾಡುವ ಶಾಲೆ ದೇಶದಲ್ಲಿರಲಿಲ್ಲ. 1922ರಲ್ಲಿ ಸರ್ ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಈ ಕೊರತೆಯನ್ನು ಎತ್ತಿ ಆಡಿದರು. ಸಮಿತಿ ಕುಳಿತಿತು, ವರದಿ ಬಂದಿತು. 1927ರಲ್ಲಿ 'ಡಫರಿನ್' ಎಂಬ ಹಳೆಯ ಸೈನಿಕ ಸಾಗಣೆಯ ಹಡಗು ಮುಂಬಯಿಯಲ್ಲಿ ಲಂಗರು ಹಾಕಿ ಪಾಠಶಾಲೆಯಾಯಿತು.

ಭಾರತೀಯ ಹುಡುಗರು ಅಧಿಕಾರಕ್ಕೆ ತಕ್ಕವರಲ್ಲವೆಂಬ ಮಾತಿಗೆ ಈ ಶಾಲೆ ಬಹಳ ಬೇಗ ಉತ್ತರ ಕೊಟ್ಟಿತು. ಅದರ ಮೊದಲ ತಂಡದಲ್ಲಿ ಕಲಿತ ರಾಮದಾಸ್ ಕಟಾರಿಯವರೇ 1958ರಲ್ಲಿ ಭಾರತದ ನೌಕಾಸೇನೆಗೆ ಪ್ರಥಮ ಭಾರತೀಯ ಮುಖ್ಯಸ್ಥರಾದರು. ಡಫರಿನ್ ಮುದಿಯಾದ ಮೇಲೆ 1972ರಲ್ಲಿ 'ರಾಜೇಂದ್ರ' ಹಡಗು ಅದರ ಸ್ಥಾನಕ್ಕೆ ಬಂದಿತು. 1993ರಲ್ಲಿ ಶಾಲೆ ನೆಲಕ್ಕಿಳಿದು ನವಿ ಮುಂಬಯಿಯಲ್ಲಿ 'ಚಾಣಕ್ಯ'ವಾಯಿತು. ಹಡಗಿನ ಯಂತ್ರವಿದ್ಯೆಯ ಶಿಕ್ಷಣಕ್ಕೆ 1949ರಲ್ಲಿಯೇ ಕೋಲ್ಕತಾದಲ್ಲಿ ಬೇರೆ ಏರ್ಪಾಡಾಗಿತ್ತು. ಹೀಗೆ ಬೇರೆಬೇರೆಯಾಗಿ ಬೆಳೆದ ಸರ್ಕಾರಿ ಶಾಲೆಗಳನ್ನೆಲ್ಲ ಒಂದೇ ಸೂರಿನಡಿ ತಂದದ್ದು 2008ರ ಶಾಸನ. ವಿಶ್ವವಿದ್ಯಾಲಯದ ಕೇಂದ್ರ ಚೆನ್ನೈಯಲ್ಲಿದೆ. ಕೊಚ್ಚಿ, ಕೋಲ್ಕತಾ, ಮುಂಬಯಿ, ನವಿ ಮುಂಬಯಿ, ವಿಶಾಖಪಟ್ಟಣಗಳಲ್ಲಿಯೂ ಅದರ ಆವರಣಗಳಿವೆ. ಹಡಗಿನ ವಿನ್ಯಾಸವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ವಿಶಾಖಪಟ್ಟಣದ ರಾಷ್ಟ್ರೀಯ ಕೇಂದ್ರವೂ ಇದರಲ್ಲಿ ಲೀನವಾಯಿತು.

ಇಲ್ಲಿನ ಕಲಿಕೆಯ ಕ್ರಮ ಕುತೂಹಲಕರವಾದುದು. ಒಂದು ದೊಡ್ಡ ಕೊಠಡಿಯಲ್ಲಿ ಹಡಗಿನ ಚುಕ್ಕಾಣಿ, ದಿಕ್ಸೂಚಿ, ರೇಡಾರ್ ಎಲ್ಲವನ್ನೂ ಇದ್ದಂತೆಯೇ ಜೋಡಿಸಿರುತ್ತಾರೆ. ಎದುರಿನ ಪರದೆಯ ಮೇಲೆ ಬಂದರು ಮೂಡುತ್ತದೆ; ಮಂಜು ಕವಿಯುತ್ತದೆ; ಮಳೆ ಬೀಳುತ್ತದೆ; ಅಡ್ಡವಾಗಿ ಮತ್ತೊಂದು ಹಡಗು ನುಗ್ಗಿ ಬರುತ್ತದೆ. ಹದಿನೆಂಟು ವಯಸ್ಸಿನ ಶಿಕ್ಷಾರ್ಥಿ ಗಾಬರಿಯಾಗಿ ತಪ್ಪು ದಿಕ್ಕಿಗೆ ತಿರುಗಿಸಿದರೆ ಡಿಕ್ಕಿಯೂ ಆಗುತ್ತದೆ. ಆದರೆ ಅಲ್ಲಿ ಯಾರೂ ಮುಳುಗುವುದಿಲ್ಲ. ಗುರುಗಳು ತಪ್ಪನ್ನು ತೋರಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.

ಇಷ್ಟು ಶಿಸ್ತು ಏತಕ್ಕೆಂದು ಕೇಳುವವರಿಗೆ 2015ರ ಜೂನ್ ತಿಂಗಳ ಒಂದು ಘಟನೆ ಉತ್ತರ ಹೇಳುತ್ತದೆ. ಒಡಿಶಾದ ಗೋಪಾಲಪುರದ ಬಳಿ 'ದುರ್ಗಮ್ಮ' ಎಂಬ ಮೀನುಗಾರರ ದೋಣಿ ಯಂತ್ರ ಕೆಟ್ಟು, ಲಂಗರು ಕಳೆದುಕೊಂಡು, ಚಂಡಮಾರುತದಲ್ಲಿ ತೇಲುತ್ತಿತ್ತು. ಅನ್ನ ನೀರು ಕೊಚ್ಚಿಹೋಗಿದ್ದವು. ಅದರಲ್ಲಿದ್ದ ಏಳು ಮಂದಿ ಬದುಕಿರುವರೆಂಬ ಆಸೆಯನ್ನು ಮನೆಯವರೇ ಬಿಟ್ಟಿದ್ದರು. ಆ ದಾರಿಯಲ್ಲಿದ್ದ 'ಸಂಪೂರ್ಣ ಸ್ವರಾಜ್ಯ' ಎಂಬ ತೈಲದ ಹಡಗಿನ ಕಪ್ತಾನರು ರಾಧಿಕಾ ಮೆನನ್ ಎಂಬ ಮಹಿಳೆ. ಇಪ್ಪತ್ತೈದು ಅಡಿಗೂ ಎತ್ತರದ ಅಲೆಗಳ ನಡುವೆ ಅಂಥ ಭಾರಿ ಹಡಗನ್ನು ಚಿಕ್ಕ ದೋಣಿಯ ಮಗ್ಗುಲಿಗೆ ತರುವುದು ಸಾಮಾನ್ಯದ ಮಾತಲ್ಲ. ತುಸು ಲೆಕ್ಕ ತಪ್ಪಿದರೂ ಉಳಿಸಲು ಬಂದ ಹಡಗೇ ದೋಣಿಯನ್ನು ಅರೆದುಬಿಡುತ್ತದೆ. ಎರಡು ಪ್ರಯತ್ನಗಳು ವ್ಯರ್ಥವಾಗಿ ಮೂರನೆಯದರಲ್ಲಿ ಏಳೂ ಮಂದಿ ಹಗ್ಗದ ಏಣಿಯನ್ನೇರಿ ಬದುಕಿಕೊಂಡರು. ರೇಡಿಯೋ ಅಧಿಕಾರಿಯಾಗಿ ವೃತ್ತಿಯನ್ನು ಆರಂಭಿಸಿ, ಒಂದೊಂದೇ ಪರೀಕ್ಷೆಯನ್ನು ಮುಗಿಸಿ ಕಪ್ತಾನರ ಪದವಿಗೇರಿದ್ದ ಆಕೆಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 2016ರಲ್ಲಿ ಶೌರ್ಯ ಪ್ರಶಸ್ತಿಯನ್ನಿತ್ತಿತು. ಧೈರ್ಯವು ಆಕೆಗೆ ಹುಟ್ಟಿನಿಂದ ಬಂದಿರಬಹುದು; ಹಡಗನ್ನು ದೋಣಿಯ ಪಕ್ಕಕ್ಕೆ ತಂದು ನಿಲ್ಲಿಸಿದ ಕೌಶಲ ಮಾತ್ರ ಕಲಿತು ಬಂದದ್ದು.

ಈ ಕಲಿಕೆಯೂ ನಿಂತ ನೀರಾಗುವಂತಿಲ್ಲ. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಅಂಶ ನೂರಕ್ಕೆ 3.5ರಿಂದ 0.5ಕ್ಕೆ ಇಳಿಯಬೇಕಾಯಿತು. 2050ರ ಹೊತ್ತಿಗೆ ಹಡಗುಗಳ ಇಂಗಾಲದ ಹೊಗೆಯನ್ನು ಹೆಚ್ಚುಕಡಮೆ ಪೂರ್ತಿಯಾಗಿ ನಿವಾರಿಸಬೇಕೆಂದು ಜಗತ್ತಿನ ರಾಷ್ಟ್ರಗಳು 2023ರಲ್ಲಿ ಒಪ್ಪಿಕೊಂಡಿವೆ. ಮೆಥನಾಲ್, ಅಮೋನಿಯ ಮೊದಲಾದ ಹೊಸ ಇಂಧನಗಳು ಬರುತ್ತಲಿವೆ. ಮೆಥನಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಅಮೋನಿಯ ಸೋರಿದರೆ ವಿಷ. ಪ್ರಯೋಗಾಲಯದಲ್ಲಿ ಹೊಸ ಇಂಧನವನ್ನು ಪರೀಕ್ಷಿಸುವವರೂ ನಾಳೆ ಯಂತ್ರದ ಕೋಣೆಯಲ್ಲಿ ಅದರ ಬಳಿ ನಿಲ್ಲುವವರೂ ಒಂದೇ ಕಡೆ ಕಲಿಯುವುದು ಒಳಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಂಶೋಧನೆಯಿಲ್ಲದ ಶಿಕ್ಷಣ ನಿನ್ನೆಯ ಹಡಗಿಗೆ ನಾವಿಕರನ್ನು ತಯಾರಿಸೀತು, ಅಷ್ಟೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಎರಡನ್ನೂ ಒಟ್ಟಿಗೆ ಮಾಡಿಸುವ ವೃತ್ತಿ ಇದು. ಆದರೆ ಮಗನನ್ನೋ ಮಗಳನ್ನೋ ಈ ದಾರಿಗೆ ಕಳುಹಿಸುವ ತಂದೆತಾಯಿಗಳು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಳ್ಳೆಯ ತಳಹದಿ ಬೇಕು. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬಣ್ಣಗಳನ್ನು ಗುರುತಿಸಲಾರದ ಕಣ್ಣಿಗೆ ಹಡಗು ನಡೆಸುವ ಅಧಿಕಾರ ದೊರೆಯದು. ರಾತ್ರಿಯ ಕಡಲಿನಲ್ಲಿ ಕೆಂಪು ಹಸಿರು ದೀಪಗಳೇ ಎದುರಿನ ಹಡಗಿನ ದಿಕ್ಕನ್ನು ಹೇಳುತ್ತವೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಪದವಿಯೊಂದೇ ಸಾಲದು. ನಿಯಮಿಸಿದಷ್ಟು ತಿಂಗಳು ಹಡಗಿನ ಮೇಲೆ ದುಡಿದ ಹೊರತು ಅರ್ಹತಾಪತ್ರದ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ. ಆ ಅನುಭವಕ್ಕೆ ಹಡಗಿನಲ್ಲಿ ಸ್ಥಳ ಸಿಗುವುದೇ ಅನೇಕರಿಗೆ ದುರ್ಲಭ. ಪದವಿ ಕೈಯಲ್ಲಿದ್ದೂ ದಡದಲ್ಲಿಯೇ ಕಾದು ಕುಳಿತ ತರುಣರಿದ್ದಾರೆ. ಇಂಥವರ ಕಾತರವೇ ದಲ್ಲಾಳಿಗಳ ಬಂಡವಾಳ. ಕೆಲಸ ಕೊಡಿಸುವುದಕ್ಕೆಂದು ನಾವಿಕನಿಂದ ಹಣ ಪಡೆಯುವುದು ಕಾನೂನಿಗೆ ವಿರುದ್ಧವೆಂಬುದು ಮನೆಮನೆಗೂ ತಿಳಿಯಬೇಕು. ಶಾಲೆಗಳಲ್ಲಿ ಸ್ಥಾನಗಳನ್ನು ಹೆಚ್ಚಿಸುವಾಗ ಹಡಗುಗಳಲ್ಲಿ ಶಿಕ್ಷಾರ್ಥಿಗಳ ಸ್ಥಾನವನ್ನೂ ಹೆಚ್ಚಿಸುವ ಹೊಣೆ ಸರ್ಕಾರಕ್ಕೂ ಹಡಗಿನ ಒಡೆಯರಿಗೂ ಸೇರಿದುದು.

ಬಾರಕೂರು ಬಸರೂರುಗಳಲ್ಲಿ ಹಿಂದೆ ದೇಶಾಂತರದ ವ್ಯಾಪಾರ ನಡೆಸಿದ ನಾಡು ಕರ್ನಾಟಕ. 1974ರಲ್ಲಿ ನವ ಮಂಗಳೂರು ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಆದರೂ ವಿಶ್ವವಿದ್ಯಾಲಯದ ಆವರಣವೊಂದು ಈ ಕರಾವಳಿಯಲ್ಲಿಲ್ಲ. ಇಲ್ಲಿಯ ಮಕ್ಕಳು ಕೊಚ್ಚಿಗೋ ಚೆನ್ನೈಗೋ ಮುಂಬಯಿಗೋ ಹೋಗಬೇಕು. ಹೋಗಿ ಕಲಿಯುವುದರಲ್ಲಿ ಹೀನಾಯವೇನೂ ಇಲ್ಲ. ಮಂಗಳೂರಿನ ಬಂದರಿಗೆ ಬರುವ ಹಡಗುಗಳಲ್ಲಿ ಕನ್ನಡದ ಅಧಿಕಾರಿಗಳ ಸಂಖ್ಯೆ ಬೆಳೆದರೆ, ಆವರಣ ಬೇಕೆಂದು ಕೇಳುವ ದನಿಗೂ ಬಲ ಬರುತ್ತದೆ.