ಅಡಿ ಎಷ್ಟು, ನೀರು ಎಷ್ಟು?

"ಮಗುವಿಗೆ ಆಫೀಸ್ ಸಾಫ್ಟ್‌ವೇರ್ ಕಲಿಸಬೇಕು, ಯಾವ ಕೋರ್ಸಿಗೆ ಸೇರಿಸಲಿ?" ಎಂದು ಕೇಳುವ ತಂದೆ-ತಾಯಿಯರು ಬಹಳ ಮಂದಿ. ನನ್ನ ಉತ್ತರ ಒಂದೇ. ಕೋರ್ಸು ಆಮೇಲೆ, ಮೊದಲು ಮನೆಯಲ್ಲೊಂದು ಪ್ರಶ್ನೆ ಹುಡುಕಿ. ಉತ್ತರ ಬೇಕೇ ಬೇಕು ಅನ್ನುವ ತವಕವಿದ್ದರೆ ಮೆನುವಿನಲ್ಲಿ ಯಾವುದು ಎಲ್ಲಿದೆ ಎಂಬುದು ತಾನಾಗಿಯೇ ಸಿಗುತ್ತದೆ. ಪ್ರಶ್ನೆಯೇ ಇಲ್ಲದೆ ಕಲಿತದ್ದು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ.

ನಮ್ಮ ಲಕ್ಕವಳ್ಳಿಯಲ್ಲಿ ಅಂಥ ಪ್ರಶ್ನೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಊರ ಪಕ್ಕದಲ್ಲೇ ಭದ್ರಾ ಅಣೆಕಟ್ಟೆ ಇದೆ. ಮುಂಗಾರು ಹಿಡಿಯಿತೆಂದರೆ ಬಯಲು ಕಡೆಯ ನೆಂಟರ ಫೋನು ಶುರು: "ಡ್ಯಾಮು ಎಷ್ಟು ಅಡಿ ಆಯ್ತು?" ನಮಗದು ಬರೀ ಸುದ್ದಿ, ನಾಲೆಯ ಕೊನೆಯಲ್ಲಿ ಭತ್ತ ಬೆಳೆಯುವವರಿಗೆ ವರ್ಷದ ಅನ್ನ. ನಾಟಿ ಮಾಡಬೇಕೋ ಬೇಡವೋ, ಬೇಸಿಗೆಗೂ ಬೆಳೆ ಇಡಬಹುದೋ ಎಂಬುದೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ.

ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿಯ ಅಜ್ಜನ ಗದ್ದೆ ಇರುವುದು ದಾವಣಗೆರೆ ಕಡೆ, ನಾಲೆಯ ಕೊನೆಯ ಭಾಗದಲ್ಲಿ. ದಿನಾ ಸಂಜೆ ಅಜ್ಜನಿಗೆ ನೀರಿನ ಮಟ್ಟ ಹೇಳುವ ಕೆಲಸ ಅವಳದು. ಮನೆಯಲ್ಲಿ ಕಂಪ್ಯೂಟರ್ ಇತ್ತು. ಅದರಲ್ಲಿ ಲಿಬ್ರೆಆಫೀಸ್ ಹಾಕಿಕೊಂಡೆವು. ಇದಕ್ಕೆ ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಓಪನ್‌ಆಫೀಸ್ ಎಂಬ ಹಳೆಯ ತಂತ್ರಾಂಶದಿಂದ 2010ರಲ್ಲಿ ಕವಲೊಡೆದು ಬೆಳೆದದ್ದು. ಪತ್ರ ಬರೆಯಲು ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ನಮಗೆ ಬೇಕಾದದ್ದು ಕ್ಯಾಲ್ಕ್. ಎಕ್ಸೆಲ್ ಇರುವವರೂ ಮುಂದಿನದನ್ನೆಲ್ಲ ಹಾಗೆಯೇ ಮಾಡಬಹುದು.

ಕ್ಯಾಲ್ಕ್ ತೆರೆದರೆ ಚೌಕಾಬಾರದ ಹಾಸಿನಂತೆ ಮನೆಗಳು ಕಾಣುತ್ತವೆ. ಮೇಲೆ ಅಡ್ಡಕ್ಕೆ ಎ, ಬಿ, ಸಿ. ಎಡಗಡೆ ಉದ್ದಕ್ಕೆ 1, 2, 3. ಎರಡನೇ ಕಂಬದ ಎರಡನೇ ಮನೆಯ ಹೆಸರು ಬಿ2. (ನಾನಿಲ್ಲಿ ಬಿ, ಸಿ ಎಂದು ಬರೆದದ್ದನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.) ಮೊದಲ ಸಾಲಿನಲ್ಲಿ ತಲೆಬರಹ: ದಿನಾಂಕ, ಮಟ್ಟ, ಒಳಹರಿವು, ಹೊರಹರಿವು. ಈ ನಾಲ್ಕೂ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಸಿಗುತ್ತವೆ.

ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ತುಂಬಲು ಇನ್ನೆಷ್ಟು ಬಾಕಿ ಎಂದು ತಿಳಿಯಲು ಇ2 ಮನೆಯಲ್ಲಿ =186-ಬಿ2 ಎಂದು ಬರೆದು ಎಂಟರ್ ಒತ್ತಿದರಾಯಿತು. ಆ ಮನೆಯ ಬಲಮೂಲೆಯ ಪುಟ್ಟ ಚುಕ್ಕಿಯನ್ನು ಮೌಸಿನಿಂದ ಹಿಡಿದು ಕೆಳಗೆಳೆದರೆ ಉಳಿದ ದಿನಗಳ ಲೆಕ್ಕವೂ ಆಗಿಬಿಡುತ್ತದೆ. ಕೆಳಗೆ ಇಳಿದಂತೆ ಬಿ2 ಎಂಬುದು ಬಿ3, ಬಿ4 ಎಂದು ತಾನೇ ಬದಲಾಗುತ್ತದೆ.

186ನ್ನು ಬೇರೊಂದು ಮನೆಯಲ್ಲಿ, ಜೆ1ರಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಆಗ ಸೂತ್ರ =$ಜೆ$1-ಬಿ2. ಡಾಲರ್ ಗುರುತು ಹಾಕಿದ ಮನೆ ಎಳೆದರೂ ಕದಲುವುದಿಲ್ಲ. ಮಂಡ್ಯದ ಮಕ್ಕಳು ಜೆ1ರಲ್ಲಿ ಕೆಆರ್‌ಎಸ್‌ನ 124.80 ಹಾಕಿಕೊಂಡರೆ ಇಡೀ ಪಟ್ಟಿ ಅವರದಾಗುತ್ತದೆ.

ಒಂದು ಸಂಖ್ಯೆ ಬದಲಿಸಿದರೆ ಉಳಿದದ್ದೆಲ್ಲ ಬದಲಾಗುವ ಈ ಜಾಣತನಕ್ಕೆ ಬಹಳ ವಯಸ್ಸಾಗಿಲ್ಲ. ಡ್ಯಾನ್ ಬ್ರಿಕ್ಲಿನ್ ಎಂಬಾತ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಹೊಳೆದದ್ದು. ಕಪ್ಪುಹಲಗೆಯ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಅದನ್ನು ಹಿಡಿದು ಹೊರಟ ಅಂಕಿಗಳನ್ನೆಲ್ಲ ಅಳಿಸಿ ಬರೆಯಬೇಕಲ್ಲ, ಹಲಗೆಯೇ ತಾನಾಗಿ ತಿದ್ದಿಕೊಂಡರೆ? ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ಹೊರತಂದ. ಇಂದಿನ ಎಕ್ಸೆಲ್, ಕ್ಯಾಲ್ಕ್ ಎಲ್ಲ ಅದರ ಸಂತಾನ.

ಈಗ ಹರಿವಿನ ಲೆಕ್ಕ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಭಾಗಿಸಿ ನೋಡಿ: 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಸುಮಾರು ಒಂದು ಟಿಎಂಸಿ. ಆದ್ದರಿಂದ ಎಫ್2ರಲ್ಲಿ =(ಸಿ2-ಡಿ2)/11574. ಉದಾಹರಣೆಗೆ 20,000 ಕ್ಯುಸೆಕ್ ಬಂದು 2,000 ಹೋದರೆ ಆ ದಿನದ ಗಳಿಕೆ 1.56 ಟಿಎಂಸಿ. ಆವಿಯಾಗುವ ನೀರು ಇದರಲ್ಲಿ ಸೇರಿಲ್ಲ. ಹಾಗಾಗಿ ಇದು ಅಂದಾಜು. ಲೀಟರಿನಲ್ಲಿ ಹೇಳಿದರೆ ಒಂದು ಟಿಎಂಸಿಗೆ ಸುಮಾರು 2,832 ಕೋಟಿ ಲೀಟರು!

ಹುಡುಗಿಗೆ ಇಷ್ಟಕ್ಕೆ ತೃಪ್ತಿಯಾಗಲಿಲ್ಲ. ತುಂಬಿದರೆ 186 ಅಡಿ, ಆಗ ಸುಮಾರು 71.5 ಟಿಎಂಸಿ ಎಂದು ಗೊತ್ತಿತ್ತಲ್ಲ, ತಾನೇ ಒಂದು ಸೂತ್ರ ಕಟ್ಟಿದಳು: =ಬಿ2/186*71.5. ಪರೀಕ್ಷೆಗೆಂದು 93 ಅಡಿ ಹಾಕಿದಳು. ಕಂಪ್ಯೂಟರ್ ಥಟ್ಟನೆ 35.75 ಎಂದಿತು. ಸಂಜೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದಳು: "ಅಜ್ಜ, 93 ಅಡಿ ಇದ್ದರೆ ಅರ್ಧ ನೀರು."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ಡ್ಯಾಮು ಏನು ಡ್ರಮ್ಮೇನವ್ವಾ?"

ಇಡೀ ಪಾಠ ಇರುವುದು ಈ ಒಂದು ಮಾತಿನಲ್ಲಿ. ಡ್ರಮ್ಮಿನಲ್ಲಿ ಕೆಳಗಿನ ಒಂದು ಅಡಿಗೂ ಮೇಲಿನ ಒಂದು ಅಡಿಗೂ ಒಂದೇ ಅಳತೆಯ ನೀರು. ಜಲಾಶಯವಾದರೋ ಕಣಿವೆ, ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಬುಡದ ಒಂದು ಅಡಿಯಲ್ಲಿ ನೀರು ಕಡಿಮೆ, ಮೇಲಿನ ಒಂದು ಅಡಿಯಲ್ಲಿ ಎಷ್ಟೋ ಪಾಲು ಹೆಚ್ಚು. 93 ಅಡಿಯಲ್ಲಿರುವ ನೀರು ಅರ್ಧಕ್ಕಿಂತ ಬಹಳ ಕಡಿಮೆ. ಅದರಲ್ಲೂ ತಳದ ಒಂದು ಪಾಲು ನಾಲೆಯ ತೂಬಿಗೆ ಎಟಕುವುದೇ ಇಲ್ಲ. ಅರ್ಧ ಇದೆಯಲ್ಲ ಎಂದು ನಂಬಿ ಬೇಸಿಗೆ ಭತ್ತ ನಾಟಿ ಮಾಡಿದರೆ, ತೆನೆ ಕಟ್ಟುವ ಹೊತ್ತಿಗೆ ನಾಲೆ ಒಣಗಿರಬಹುದು. ಬೀಜ, ಗೊಬ್ಬರ, ಕೂಲಿ ಎಲ್ಲ ನೀರಿಲ್ಲದೆ ಹೋಮ.

ಕಂಪ್ಯೂಟರ್ ತಪ್ಪು ಮಾಡಿತೇ? ಇಲ್ಲ. ಹೇಳಿದ ಭಾಗಾಕಾರ, ಗುಣಾಕಾರ ಎರಡನ್ನೂ ಸರಿಯಾಗಿಯೇ ಮಾಡಿತು. ಅದಕ್ಕೆ ಕಣಿವೆ ಗೊತ್ತಿಲ್ಲ. ಕಣಿವೆಯನ್ನು ಕಂಡವರು ಅಜ್ಜ. ಎರಡು ದಶಾಂಶಗಳೊಡನೆ ಅಚ್ಚುಕಟ್ಟಾಗಿ ಕಾಣುವ ಉತ್ತರವನ್ನು ನಾವು ಬೇಗ ನಂಬುತ್ತೇವೆ. ಸೂತ್ರ ಬರೆದ ಮೇಲೆ "ಇದು ನಿಜದ ವಸ್ತುವಿಗೆ ಒಪ್ಪುತ್ತದೆಯೇ?" ಎಂದು ಕೇಳಿಕೊಳ್ಳುವುದನ್ನು ಯಾವ ಮೆನುವೂ ನೆನಪಿಸುವುದಿಲ್ಲ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1,633 ಅಡಿ. ಅದು ಸಮುದ್ರಮಟ್ಟದಿಂದ ಎಣಿಸಿದ್ದು. ಇದೇ ಸೂತ್ರವನ್ನು ಅಲ್ಲಿಗೆ ಹಾಕಿದರೆ ಬರಿದಾದ ಜಲಾಶಯದಲ್ಲೂ ರಾಶಿ ನೀರು ತೋರಿಸೀತು!

ಹುಡುಗಿ ಸೋಲಲಿಲ್ಲ. ಪತ್ರಿಕೆಗಳು ಕೆಲವು ದಿನ ಮಟ್ಟದ ಜೊತೆ ಸಂಗ್ರಹವನ್ನೂ ಟಿಎಂಸಿಯಲ್ಲಿ ಕೊಡುತ್ತವೆ. ಅವನ್ನು ಕೂಡಿಹಾಕಿ, ಹೊಸ ಹಾಳೆಯಲ್ಲಿ ಅಕ್ಕಪಕ್ಕದ ಎರಡು ಕಂಬಗಳಲ್ಲಿ ಬರೆದಳು. ಎರಡನ್ನೂ ಗುರುತಿಸಿ, ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್, ಅದರಲ್ಲಿ ಎಕ್ಸ್‌ವೈ ಸ್ಕ್ಯಾಟರ್ ಆರಿಸಿದಳು. ಚುಕ್ಕಿಗಳು ನೇರ ಗೆರೆಯಲ್ಲಿ ನಿಲ್ಲಲಿಲ್ಲ. ಮೇಲೆ ಹೋದಂತೆ ಕಡಿದಾಗುತ್ತ ಬಾಗಿದವು. ಅಜ್ಜ ಕಣಿವೆಯಲ್ಲಿ ಕಂಡದ್ದು ಮೊಮ್ಮಗಳ ಪರದೆಯ ಮೇಲೆ ಬಂದಿತ್ತು. ಈಗ ಅವಳು ಫೋನಿನಲ್ಲಿ ಅಡಿಯನ್ನಷ್ಟೇ ಅಲ್ಲ, ನೀರನ್ನೂ ಹೇಳುತ್ತಾಳೆ. ಬೆಳೆಯ ವಿಚಾರ ಅಜ್ಜನದು. ನಾಲೆಗೆ ನೀರು ಬಿಡುವ ದಿನ ನೀರಾವರಿ ಸಲಹಾ ಸಮಿತಿಯದು.

ಮಕ್ಕಳೇ, ನಿಮ್ಮೂರಲ್ಲಿ ಅಣೆಕಟ್ಟೆ ಇರಬೇಕೆಂದೇನೂ ಇಲ್ಲ. ಹಾಲಿನ ಲೆಕ್ಕ, ವಿದ್ಯುತ್ ಬಿಲ್ಲಿನ ಯೂನಿಟ್ಟು, ಒಂದು ಅಡಿಕೆ ಮರದ ಗೊನೆಗಳು, ಶಾಲೆಯ ಬಸ್ಸು ಬಂದ ಹೊತ್ತು, ಯಾವುದಾದರೂ ಆದೀತು. ಒಂದು ತಿಂಗಳು ದಿನಾ ಒಂದು ಸಾಲು ಬರೆಯಿರಿ. ತಿಂಗಳ ಕೊನೆಗೆ ಒಂದು ಸೂತ್ರ, ಒಂದು ಚಿತ್ರ. ಆಮೇಲೆ ಅದನ್ನು ಕಂಪ್ಯೂಟರ್ ಮುಟ್ಟದ, ಆದರೆ ಆ ವಿಷಯವನ್ನು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಅವರು ಏನು ಕೇಳುತ್ತಾರೆ ಎಂಬುದನ್ನು ಅದೇ ಹಾಳೆಯ ಕೊನೆಯ ಸಾಲಿನಲ್ಲಿ ಬರೆದಿಡಿ.