ಹುಟ್ಟಿದ ಊರಿನ ಕಾಲಂ

ನಮ್ಮಜ್ಜ ಜೀತದಾಳು. ಕೊಳ್ಳೇಗಾಲದ ಕಡೆ ಒಬ್ಬ ಜಮೀನ್ದಾರನ ಹಟ್ಟಿಯಲ್ಲಿ, ತಂಗಿ ಮದುವೆಗೆಂದು ತಂದ ಇನ್ನೂರು ರೂಪಾಯಿಗೆ ಹನ್ನೊಂದು ವರ್ಷ ದುಡಿದವನು. ಹಾಗಾಗಿ ಡಲ್ಲಾಸ್‌ನಲ್ಲಿ ಕೂತು ನಮ್ಮ ವೀಸಾ ಬದುಕನ್ನು ಜೀತ ಎಂದು ಕರೆಯುವ ಗೆಳೆಯರ ಜೊತೆ ನಾನು ಜಗಳವಾಡಿದ್ದೇನೆ. ಸಂಬಳ, ಕಾರು, ನಲ್ಲಿಯಲ್ಲಿ ಬಿಸಿನೀರು ಇರುವವರು ಆ ಪದ ಮುಟ್ಟಬಾರದು. ಅದು ಅಜ್ಜನ ಬೆನ್ನಿನ ಬಾಸುಂಡೆಯಿಂದ ಬಂದ ಪದ. ಆದರೆ ಹಗ್ಗ ಹೇಗೆ ಕಟ್ಟುತ್ತಾರೆ, ಗಂಟು ಎಲ್ಲಿ ಹಾಕುತ್ತಾರೆ ಎಂಬುದು ಜೀತದವನ ಮೊಮ್ಮಗನಿಗೆ ಬೇಗ ಗೊತ್ತಾಗುತ್ತದೆ.

"ಏನಪ್ಪ, ಅಲ್ಲೇ ಸೆಟ್ಲ್ ಆಗ್ತೀಯಾ? ಕೆನಡಾಕ್ಕೆ ಹೋಗ್ತೀಯಾ? ಇಲ್ಲ ವಾಪಸ್ ಬರ್ತೀಯಾ?" ಊರಿನ ನೆಂಟರು ಕೇಳುತ್ತಾರೆ. ಇಲ್ಲಿಯ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ನಾವು ದೇಶ ಆರಿಸುತ್ತ ಕೂತಿದ್ದೇವೆ ಎಂದು ನಂಬಿದ್ದಾರೆ. ಆರಿಸುವವರು ನಾವಲ್ಲ.

ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಇದು 1990ರ ಕಾಯ್ದೆ ಹಾಕಿದ ಮಿತಿ. ಹೆಂಡತಿ, ಮಕ್ಕಳ ಲೆಕ್ಕವೂ ಅದರೊಳಗೇ. ಬೇರೆಯವರು ಬಳಸದೆ ಉಳಿದರೆ ಸರಿ, ಇಲ್ಲವಾದರೆ ಯಾವ ದೇಶದಲ್ಲಿ ಹುಟ್ಟಿದವರಿಗೂ ಶೇ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ನಾಲ್ಕು ಲಕ್ಷ ಜನರಿರುವ ಐಸ್‌ಲ್ಯಾಂಡಿಗೂ ಅದೇ ಮಿತಿ, ನೂರ ನಲವತ್ತು ಕೋಟಿಯ ಭಾರತಕ್ಕೂ ಅದೇ ಮಿತಿ. ಇಲ್ಲಿ ನೋಡುವುದು ಪೌರತ್ವವನ್ನಲ್ಲ, ಹುಟ್ಟನ್ನು. ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದವನು ನಾಳೆ ಕೆನಡಾದ ಪ್ರಜೆಯಾದರೂ ಈ ಸಾಲಿನಲ್ಲಿ ಅವನು ಭಾರತದವನೇ. ಓದು, ದುಡಿಮೆ, ಕಟ್ಟಿದ ತೆರಿಗೆ ಯಾವುದೂ ಆ ಹುಟ್ಟನ್ನು ತೊಳೆಯುವುದಿಲ್ಲ. ಈ ಮೊಳಕೋಲು ನನಗೆ ಹೊಸದಲ್ಲ. ಮೇಷ್ಟರಾಗಿದ್ದ ನಮ್ಮಪ್ಪನಿಗೆ ನಮ್ಮೂರ ಟೀ ಅಂಗಡಿಯಲ್ಲಿ ಬೇರೆ ಲೋಟ ಇಟ್ಟವರ ಕೈಯಲ್ಲೂ ಇದೇ ಇತ್ತು.

ನಾನು ಇಲ್ಲಿಗೆ ಬಂದದ್ದು 2011ರಲ್ಲಿ. ಕೆಲಸ ಕೊಟ್ಟ ಕಂಪನಿ ನಾಲ್ಕೂವರೆ ವರ್ಷ ಇವತ್ತು ನಾಳೆ ಎಂದು ಸತಾಯಿಸಿ 2016ರಲ್ಲಿ ಗ್ರೀನ್ ಕಾರ್ಡಿಗೆ ಕಾಗದ ಹಾಕಿತು. ಸಾಲಿನಲ್ಲಿ ನನ್ನ ಜಾಗ ಅವತ್ತಿನಿಂದ. 2022ರ ಸೆಪ್ಟೆಂಬರ್‌ನ ಸರದಿ ಯಾವ ತಾರೀಖಿನವರೆಗೆ ಬಂತೆಂದು ಹೇಳುವ ವೀಸಾ ಬುಲೆಟಿನ್‌ನಲ್ಲಿ ನನ್ನ ವರ್ಗವಾದ ಇಬಿ-2ರಲ್ಲಿ ಭಾರತದ ಸಾಲು 2014ರ ಡಿಸೆಂಬರ್‌ವರೆಗೆ ಬಂದಿತ್ತು. ಇನ್ನೇನು ಎರಡು ವರ್ಷ ಎಂದು ಹೆಂಡತಿ ಅವತ್ತು ಒಬ್ಬಟ್ಟು ಬೇಯಿಸಿದಳು. ಮುಂದಿನ ತಿಂಗಳೇ ಅದು 2012ರ ಏಪ್ರಿಲ್‌ಗೆ ಹಿಂದೆ ಸರಿಯಿತು. 2023ರ ಏಪ್ರಿಲ್ ಹೊತ್ತಿಗೆ 2011ರ ಜನವರಿಗೆ ಹೋಗಿ ಕೂತಿತ್ತು. ಹಿಂದಕ್ಕೆ ನಡೆಯುವ ಸಾಲನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಂತ ನಮ್ಮವ್ವನ ಸಾಲು ಕೂಡ ಮುಂದಕ್ಕೇ ಹೋಗುತ್ತಿತ್ತು. ಇಲ್ಲಿನ ಅಧ್ಯಯನ ಸಂಸ್ಥೆ ಕೇಟೋ 2023ರಲ್ಲಿ ಲೆಕ್ಕ ಹಾಕಿತು: ಕಾಯುತ್ತಿರುವ ಭಾರತೀಯರು 11 ಲಕ್ಷ, ಹೊಸದಾಗಿ ಸೇರುವವರ ಸರದಿಗೆ 134 ವರ್ಷ. ಇದನ್ನು ಕಾಯುವಿಕೆ ಎನ್ನಬೇಡಿ. ಇದು ಕೊಡುವುದಿಲ್ಲ ಎಂಬುದರ ಇನ್ನೊಂದು ಹೆಸರು.

ಕೊಡುವುದಿಲ್ಲ ಎಂದು ನೇರ ಹೇಳಿದ್ದರೆ ನಾವು ಮೂವತ್ತರಲ್ಲೇ ಬೇರೆ ದಾರಿ ಹಿಡಿಯುತ್ತಿದ್ದೆವು. ಹಾಗೆ ಹೇಳುವುದಿಲ್ಲ. ನಮ್ಮ ಹರೆಯ ಅವರಿಗೆ ಬೇಕು. ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಇನ್ನೊಬ್ಬ ಧಣಿ ಸಿಗದಿದ್ದರೆ ಮನೆ, ಮಕ್ಕಳ ಶಾಲೆ, ಅಡುಗೆ ಸಾಮಾನು ಎಲ್ಲ ಕಟ್ಟಿ ಹೊರಡಬೇಕು. ಬಡ್ತಿ ತಗೊಂಡರೆ ಹುದ್ದೆ ಬದಲಾಗಿ ಕಾಗದ ಮೊದಲಿನಿಂದ ಶುರುವಾದೀತೆಂದು ಬಡ್ತಿಯನ್ನೇ ಬೇಡ ಎಂದವರನ್ನು ಬಲ್ಲೆ. ಮ್ಯಾನೇಜರ್ ಬೈದರೆ ತಲೆ ಬಗ್ಗಿಸುತ್ತೇವೆ. ಅಪ್ಪ ತೀರಿಕೊಂಡಾಗ ನಾನು ಹೋಗಲಿಲ್ಲ. ಹೋದರೆ ವಾಪಸ್ ಬರಲು ಚೆನ್ನೈಯಲ್ಲಿ ವೀಸಾ ಸ್ಟಾಂಪಿಂಗ್ ಆಗಬೇಕು. ಅದು ಸಿಕ್ಕಿಬಿದ್ದರೆ ಕೆಲಸವೂ ಇಲ್ಲ, ಮಗಳ ಶಾಲೆಯೂ ಇಲ್ಲ. ಅಪ್ಪನ ಗುಂಡಿಗೆ ನಾನು ಒಂದು ಹಿಡಿ ಮಣ್ಣು ಹಾಕಲಿಲ್ಲ. ಇದಕ್ಕೆ ಯಾರನ್ನು ಕ್ಷಮಿಸಲಿ? ನನ್ನನ್ನೇ ಕ್ಷಮಿಸಿಕೊಂಡಿಲ್ಲ.

ಪ್ರತಿ ಸಂಬಳದಲ್ಲೂ ಶೇ 6.2 ಸೋಷಿಯಲ್ ಸೆಕ್ಯುರಿಟಿಗೆ ಮುರಿಯುತ್ತಾರೆ. ಹತ್ತು ವರ್ಷದ ದುಡಿಮೆ ತುಂಬದೆ ಊರಿಗೆ ಹೋದವನಿಗೆ ಅದರಿಂದ ಪಿಂಚಣಿ ಇಲ್ಲ. ಭಾರತ, ಅಮೆರಿಕಗಳ ನಡುವೆ ಅದಕ್ಕೊಂದು ಒಪ್ಪಂದವೇ ಆಗಿಲ್ಲ. ಕಳಿಸಿಕೊಟ್ಟ ದೇಶವೂ ನಮ್ಮ ಪರ ಗಟ್ಟಿಯಾಗಿ ನಿಂತಿಲ್ಲ.

2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇತದಲ್ಲಿ ಹೈದರಾಬಾದ್ ಕಡೆಯ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲನನ್ನು ನನ್ನ ದೇಶ ಬಿಟ್ಟು ಹೋಗು ಎಂದು ಅರಚಿ ಒಬ್ಬ ಗುಂಡಿಟ್ಟು ಕೊಂದ. ಗಂಡನ ಹೆಣದ ಜೊತೆ ಊರಿಗೆ ಹೋದ ಹೆಂಡತಿಗೆ ಮರಳುವ ಹಕ್ಕೇ ಉಳಿದಿರಲಿಲ್ಲ. ಅವಳ ಕಾಗದ ಗಂಡನ ಕಾಗದಕ್ಕೆ ಅಂಟಿಕೊಂಡಿತ್ತು, ಗಂಡನ ಉಸಿರಿನ ಜೊತೆ ಅದೂ ನಿಂತಿತು. ಆ ರಾಜ್ಯದ ಒಬ್ಬ ಸಂಸದ ಕೈಹಾಕಿದ ಮೇಲೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಕೊಂದವನೊಬ್ಬ ಹುಚ್ಚ ಎನ್ನಬಹುದು. ವಿಧವೆಯನ್ನು ಹೊರಗೆ ನಿಲ್ಲಿಸಿದ ಕಾನೂನನ್ನು ಏನೆನ್ನುತ್ತೀರಿ?

ಹಾಗಾದರೆ ಕೆನಡಾಕ್ಕೆ ಹೋಗಿ ಎನ್ನುತ್ತಾರೆ. 2023ರ ಜುಲೈಯಲ್ಲಿ ನಮ್ಮಂತೆ ಎಚ್-1ಬಿ ಕೆಲಸದ ವೀಸಾ ಇರುವ ಹತ್ತು ಸಾವಿರ ಜನಕ್ಕೆ ಕೆನಡಾ ಬಾಗಿಲು ತೆಗೆದಾಗ ಎರಡೇ ದಿನದಲ್ಲಿ ಅದು ಭರ್ತಿಯಾಯಿತು. ಅಷ್ಟು ಜನ ಎರಡು ದಿನದಲ್ಲಿ ಓಡಿದರೆಂದರೆ ಇಲ್ಲಿ ಎಷ್ಟು ಉಸಿರುಗಟ್ಟಿದೆ ನೋಡಿ. ಆದರೆ ಅಲ್ಲಿ ನೆಲೆಯೂರಲು ಅಂಕ ಬೇಕು. ಇಪ್ಪತ್ತೊಂಬತ್ತರವರೆಗೆ ವಯಸ್ಸಿಗೆ ಪೂರ್ತಿ ಅಂಕ, ಆಮೇಲೆ ಇಳಿಯುತ್ತ ಇಳಿಯುತ್ತ ನಲವತ್ತೈದಕ್ಕೆ ಸೊನ್ನೆ. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಎರಡು ಹಲ್ಲಿಗೆ ಒಂದು ಬೆಲೆ, ನಾಲ್ಕು ಹಲ್ಲಿಗೆ ಒಂದು ಬೆಲೆ, ಬಾಯಿಗೂಡಿದ ಎತ್ತನ್ನು ಕೇಳುವವರು ಕಮ್ಮಿ. ಅಮೆರಿಕದ ಸಾಲಿನಲ್ಲಿ ಬಾಯಿಗೂಡಿದವರು ನಾವು. 2024ರಲ್ಲಿ ಕೆನಡಾ ಕೂಡ ವಲಸಿಗರ ಸಂಖ್ಯೆಗೆ ಕತ್ತರಿ ಹಾಕಿ, 2025ಕ್ಕೆ ಐದು ಲಕ್ಷ ಎಂದಿದ್ದ ಗುರಿಯನ್ನು 3,95,000ಕ್ಕೆ ಇಳಿಸಿತು.

ಊರಿಗೆ ಬನ್ನಿ ಎನ್ನುವವರಿಗೂ ಒಂದು ಮಾತು. 2019ರಲ್ಲಿ ಮೈಸೂರಿನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮುಂಗಡ ಎಷ್ಟು ಎಂದು ಹೇಳುವ ಮೊದಲು ಮನೆಯೊಡತಿ ನಮ್ಮ ಜಾತಿ ಕೇಳಿದರು. ಸುಳ್ಳು ಹೇಳಲಿಲ್ಲ. ಮನೆ ಸಿಗಲಿಲ್ಲ.

ನನ್ನ ಸಿಟ್ಟು ಬರೀ ವಾಷಿಂಗ್ಟನ್ ಮೇಲಲ್ಲ. ಗ್ರೀನ್ ಕಾರ್ಡ್ ಮಿತಿ ತೆಗೆಯಿರಿ ಎಂಬ ಮೆರವಣಿಗೆಯಲ್ಲಿ ಹುಟ್ಟಿದ ದೇಶ ನೋಡಬೇಡಿ ಎಂಬ ಹಲಗೆ ಹಿಡಿದು ನಾನೂ ನಡೆದಿದ್ದೇನೆ. ಪಕ್ಕದಲ್ಲಿ ಘೋಷಣೆ ಕೂಗುತ್ತಿದ್ದವರು ಊಟದ ಹೊತ್ತಿಗೆ ನಿಮ್ಮ ಕಡೆಯವರು ಯಾವ ಮಠಕ್ಕೆ ನಡೆದುಕೊಳ್ಳುತ್ತಾರೆ ಎಂದು ಕೇಳಿದರು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ ಅದರ ವಿರುದ್ಧ ನಿಂತವರಲ್ಲಿ ನಮ್ಮದೇ ದೇಶದಿಂದ ಬಂದವರ ಸಂಘಟನೆಗಳಿದ್ದವು. ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಒಪ್ಪಿದರೂ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಲಿಲ್ಲ. ಹುಟ್ಟು ನೋಡಬೇಡಿ ಎಂದು ಕೂಗಿದ ಸಮುದಾಯದಿಂದಲೇ ಹುಟ್ಟು ನೋಡುವ ಹಕ್ಕು ಉಳಿಸಿಕೊಳ್ಳುವ ದನಿಯೂ ಎದ್ದಿತು. ಇಂಥವರ ಜೊತೆ ಹೆಗಲು ಕೊಟ್ಟು ಹೇಗೆ ಹೋರಾಡಲಿ? ಆದರೂ ಹೋರಾಡುತ್ತೇನೆ. ನ್ಯಾಯ ಅವರ ಆಸ್ತಿಯಲ್ಲ.

ಹುಟ್ಟು ನೋಡುವುದು ಈ ದೇಶಕ್ಕೂ ಹಳೆಯ ಚಾಳಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್‌ಗೆ 1923ರಲ್ಲಿ ನೀನು ಬಿಳಿಯನಲ್ಲ, ಪ್ರಜೆಯಾಗಲಾರೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರ ಏಟಿಗೆ ಪೌರತ್ವ ಕಳೆದುಕೊಂಡ ವೈಷ್ಣೋದಾಸ್ ಬಗಾಯಿ 1928ರಲ್ಲಿ ಪ್ರಾಣ ಬಿಟ್ಟರು. ಇವತ್ತಿನ ಸಾಲನ್ನು ಸರಿಪಡಿಸಲು ದಾರಿ ಇಲ್ಲವೆಂದಲ್ಲ. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈಯಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಬೇರೊಂದು ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸಲು ಯಾರಿಗೂ ಪುರುಸೊತ್ತಾಗಲಿಲ್ಲ, ಅವಧಿ ಮುಗಿದು ಮಸೂದೆ ಸತ್ತಿತು.

2025ರ ಸೆಪ್ಟೆಂಬರ್ 19ರ ಶುಕ್ರವಾರ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಬಂತು. ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬ ವಿವರಣೆ ಬರುವಷ್ಟರಲ್ಲಿ ಶನಿವಾರವಾಗಿತ್ತು. ಭಾನುವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡಲೆಂದು ಊರಿಗೆ ಹೋಗಿದ್ದ ನನ್ನ ಸಹೋದ್ಯೋಗಿ ಎಡೆ ಬಿಟ್ಟು ಸಿಕ್ಕ ವಿಮಾನ ಹತ್ತಿದ. ಅವನಿಗೆ ಆ ಶುಲ್ಕ ಅನ್ವಯಿಸುತ್ತಲೇ ಇರಲಿಲ್ಲ. ಹಗ್ಗ ಎಳೆದರೆ ಸಾಕು, ಕತ್ತು ತಾನೇ ತಿರುಗುತ್ತದೆ.

ಮಗಳು ಮೂರು ವರ್ಷದವಳಿದ್ದಾಗ ಬಂದವಳು. ಇಲ್ಲೇ ಹುಟ್ಟಿದ ತಮ್ಮ ಅಮೆರಿಕದ ಪ್ರಜೆ, ಇವಳು ನನ್ನ ಕಾಗದದ ಬಾಲ. ಇಪ್ಪತ್ತೊಂದು ತುಂಬಿದ ದಿನ ಆ ಬಾಲ ಕತ್ತರಿಸುತ್ತಾರೆ. ಆಮೇಲೆ ತಾನು ಬೆಳೆದ ಊರಿನಲ್ಲೇ ವಿದೇಶಿ ವಿದ್ಯಾರ್ಥಿನಿಯಾಗಿ ಹೊಸ ವೀಸಾ ಬೇಡಬೇಕು. ಮೊನ್ನೆ ರಾತ್ರಿ ಕಾಲೇಜಿನ ಅರ್ಜಿ ತುಂಬುತ್ತ ಕೂತಿದ್ದಳು. ಹುಟ್ಟಿದ ಊರು ಎಂಬ ಕಾಲಂ ಹತ್ತಿರ ಬೆರಳು ನಿಂತಿತು.

"ಅಪ್ಪಾ, ಇಲ್ಲೇನು ಹಾಕ್ಲಿ?"

"ಕೊಳ್ಳೇಗಾಲ ಅಂತ ಹಾಕವ್ವ. ಸ್ಪೆಲ್ಲಿಂಗ್ ನಾನು ಹೇಳ್ತೀನಿ."